ಕೂಡ್ರಗಲ್ಲು

ಗಂಗಾವತಿ
೧೫ ಡಿಸೆಂಬರ್ ೨೦೨೪

ಕರಿಬಸಪ್ಪ ಕಾಕಾ ಅವರಿಗೆ ಅಮೃತಾಳ ನಮಸ್ಕಾರಗಳು.

ಕಳೆದ ಮಂಗಳವಾರ, ಎಂದಿನ ಖಾನಾವಳಿಯಲ್ಲಿ, ಬಯಲುಬಿಡಾರ ಮಾಲೀಕರ ಸಂಘದ ಸಭೆ ನಡೆಯಿತು. ಆರು ಬಿಡಾರಗಳ ಪೈಕಿ ಐದರ ಮಾಲೀಕರು ಬಂದಿದ್ದರು. ಬರುವ ವರ್ಷದ ಕೊನೆಗೆ ಸಂಘಕ್ಕೆ ಹತ್ತು ವರ್ಷ ತುಂಬುತ್ತದೆ. ಆ ನೆನಪಿಗೆ ಒಂದು ಸಣ್ಣ ಪುಸ್ತಕ ತರಬೇಕು, ಅದರಲ್ಲಿ ‘ಬದಲಾದದ್ದು, ಉಳಿದದ್ದು’ ಎಂಬ ಲೇಖನವನ್ನು ಕಾರ್ಯದರ್ಶಿ ಬರೆಯಬೇಕು ಎಂದು ಗೊತ್ತುಪಡಿಸಿದರು. ಕಾರ್ಯದರ್ಶಿ ನಾನೇ. ಸಂಘ ಕಟ್ಟಿದವರು ನೀವು, ಮೊದಲ ಅಧ್ಯಕ್ಷರೂ ನೀವು. ಹಾಗಾಗಿ ನಿಮ್ಮ ನೆನಪಿನಲ್ಲಿರುವುದನ್ನು ಬರೆದು ಕಳಿಸಬೇಕೆಂದು ಕೇಳುತ್ತಿದ್ದೇನೆ. ಫೋನು ಮಾಡಬಹುದಿತ್ತು. ಸಂಘದ ಮಾತೇನಿದ್ದರೂ ಇನ್ನು ಕಾಗದದಲ್ಲಿ ಎಂದು ಹೇಳಿ ನೀವು ಎದ್ದುಹೋದದ್ದು ನೆನಪಿದೆ. ಅದಕ್ಕೇ ಕಾಗದ.

ಇನ್ನೊಂದು ಸಂಗತಿಯನ್ನೂ ನಿಮಗೆ ಹೇಳಬೇಕು. ಯಾರಿಗೆ ಹೇಳಿದರೂ ಅರ್ಧ ಮಾತಿಗೇ ನಗುತ್ತಿದ್ದಾರೆ.

ನನ್ನ ಹೊಲದ ನಡುವಿನ ದೊಡ್ಡ ಬಂಡೆ ನಿಮಗೆ ಗೊತ್ತು. ಇಷ್ಟು ವರ್ಷ ಅತಿಥಿಗಳ ಡೇರೆಗಳು ಅದರ ಪಡುವಣ ಬದಿಗಿದ್ದವು, ಮೂಡಣ ಬದಿ ಖಾಲಿ ಇರುತ್ತಿತ್ತು. ಈ ಸಲ ಬಂಡೆಯ ಸುತ್ತ ದುಂಡಗೆ ಹಾಕಬೇಕು, ಫೋಟೋದಲ್ಲಿ ಚೆಂದ ಕಾಣುತ್ತದೆ ಎಂದು ನಮಗೆ ಅತಿಥಿಗಳನ್ನು ಕಳಿಸುವ ಬಯಲುಬಿಡಾರ ಕಂಪನಿಯವರು ಹೇಳಿದರು. ಹಾಗೇ ಹಾಕಿದೆವು. ಭತ್ತದ ಕೊಯ್ಲು ಮುಗಿದ ಮೇಲೆ ನಿಮ್ಮ ಕಡೆಯಿಂದ ಮುದಿಯಪ್ಪನ ಕುರಿ ಹಿಂಡು ಕಾಲುವೆಯ ಬಯಲಿಗೆ ಇಳಿಯುವಾಗ ಪ್ರತಿ ವರ್ಷ ನಮ್ಮ ಹೊಲದಲ್ಲಿ ವಸ್ತಿ ಮಾಡುತ್ತದೆ. ಅವ್ವನ ಕಾಲದಿಂದಲೂ ಇರುವುದೇ. ಕುರಿ ಬರುತ್ತವೆ, ಹೋಗುತ್ತವೆ, ಹೊಲಕ್ಕೆ ಗೊಬ್ಬರ ಆಗುತ್ತದೆ ಎಂಬುದಕ್ಕಿಂತ ಹೆಚ್ಚು ನಾನು ಯೋಚಿಸಿದವಳಲ್ಲ. ಆ ಹೊತ್ತಿಗೆ ಅಲ್ಲಿ ಇದ್ದವಳೂ ಅಲ್ಲ.

ಈ ತಿಂಗಳ ಮೊದಲ ವಾರ, ಇನ್ನೂ ಬೆಳಕು ಹರಿಯುತ್ತಿರುವಾಗ, ಬಿಡಾರ ನೋಡಿಕೊಳ್ಳುವ ಅಸ್ಲಮ ಫೋನು ಮಾಡಿದ. “ಅಕ್ಕಾ, ನಿನ್ನೆ ಹೊತ್ತು ಮುಳಗೂದ್ರಾಗ ಕುರಿ ಬಂದ್ವು. ಟೆಂಟಿನ ನಡಬರಕ ಕುಂತಾವ್ರಿ. ಮುದಿಯಪ್ಪಜ್ಜ ಎಬ್ಬಸ್ಯಾನ, ಏಳವಲ್ಲವು. ನೀವು ಬರ್ರಿ” ಎಂದ. ಗಾಡಿ ತೆಗೆದುಕೊಂಡು ಹೋದೆ.

ಕಾಕಾ, ನಾನು ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಬಂಡೆಯ ಸುತ್ತ, ಡೇರೆ ಡೇರೆಗಳ ನಡುವೆ, ಬಿಗಿದ ಹಗ್ಗಗಳ ಕೆಳಗೆ, ಕಾಲಿಡಲು ಜಾಗವಿಲ್ಲದಂತೆ ಕುರಿಗಳು ಮಲಗಿದ್ದವು. ಎಲ್ಲವುಗಳ ಮುಖ ಮೂಡಣಕ್ಕಿತ್ತು. ಚಳಿಗೆ ಅವುಗಳ ಉಸಿರು ಹೊಗೆಯಂತೆ ಏಳುತ್ತಿತ್ತು. ಒಂದಾದರೂ ಕೂಗಲಿಲ್ಲ. ಅತಿಥಿಗಳು ಡೇರೆಯ ಬಾಗಿಲು ತೆರೆದು ಹೊಸ್ತಿಲಲ್ಲೇ ಕೂತಿದ್ದರು. ಸಾಂಗಲಿಯಿಂದ ಬಂದಿದ್ದ ಒಬ್ಬ ಹೆಂಗಸಿನ ಕಾಲಿಗೆ ಕುರಿಯೊಂದು ಒರಗಿ ನಿದ್ದೆ ಮಾಡುತ್ತಿತ್ತು. ಆಕೆ ಕಾಲನ್ನು ಅಲುಗಿಸದೆ ನನ್ನ ಕಡೆ ನೋಡಿ, ಮಾತಾಡಬೇಡಿ ಎಂದು ಕೈ ಮಾಡಿದರು. ನನ್ನ ಹೊಲದಲ್ಲಿ ನಾನೇ ಹೊರಗಿನವಳಂತೆ ನಿಂತೆ.

ಬಿಸಿಲು ಬಂಡೆಯ ನೆತ್ತಿಗೆ ತಗುಲಿದಾಗ ಒಂದು ಕುರಿ ಎದ್ದಿತು. ಅದರ ಹಿಂದೆ ಎಲ್ಲವೂ ಎದ್ದವು. ಯಾರೂ ಎಬ್ಬಿಸಲಿಲ್ಲ. ಸ್ವಲ್ಪ ಹೊತ್ತಿಗೆ ಹೊಲ ಖಾಲಿಯಾಯಿತು. ಒಂದು ಹಗ್ಗವೂ ಸಡಿಲಾಗಿರಲಿಲ್ಲ.

ಮುದಿಯಪ್ಪ ಮಾತ್ರ “ತಪ್ಪಾತವ್ವ, ಭಾಳ ತಪ್ಪಾತು” ಎನ್ನುತ್ತ ಹೋದ. ತಪ್ಪು ಏನೆಂದು ನನಗೆ ತಿಳಿಯಲಿಲ್ಲ.

ತಮ್ಮ
ಅಮೃತಾ


ತಾವರಗೇರಾ
೯ ಜನವರಿ ೨೦೨೫

ಚಿ. ಅಮೃತಾಳಿಗೆ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಪುಸ್ತಕಕ್ಕೆ ನಾನು ಏನನ್ನೂ ಬರೆಯುವುದಿಲ್ಲ.

ನಾನು ಎದ್ದುಬಂದದ್ದನ್ನು ನೀವೆಲ್ಲ ನಗುತ್ತ ಹೇಳಿಕೊಳ್ಳುತ್ತೀರಿ ಎಂಬುದು ಗೊತ್ತಿದೆ. ಆದದ್ದು ಇಷ್ಟೇ. ಬಿಡಾರಗಳ ಹೆಸರು ತೆಗೆದು ನಂಬರು ಕೊಡುತ್ತೇವೆ ಎಂದು ಕಂಪನಿ ಬರೆದದ್ದನ್ನು ಬಸವಕುಮಾರ ವಾಟ್ಸಾಪಿಗೆ ಹಾಕಿದ. ಓದಿದ್ದೇನೆ ಎಂದು ತಿಳಿಸಲು ನಾನು ಆ ಹೆಬ್ಬೆರಳಿನ ಚಿತ್ರ ಒತ್ತಿದೆ. ಅದನ್ನು ಒಪ್ಪಿಗೆ ಎಂದು ಎಣಿಸಿದರು. ಸಭೆಯಲ್ಲಿ ಕೇಳಿದರೆ, “ಹೆಬ್ಬಟ್ಟು ಒತ್ತಿದ ಮ್ಯಾಲ ಮುಗೀತಲ್ಲ ಕಾಕಾ, ನಮ್ಮ ಕಡಿ ಹೆಬ್ಬಟ್ಟು ಅಂದ್ರ ಸಹಿ” ಎಂದ, ನನ್ನ ಅಣ್ಣನ ಮಗ. ಸಾಲಿ ಕಲಿತವನು ನಾನು. ಜೀವನದಲ್ಲಿ ಹೆಬ್ಬೆಟ್ಟು ಒತ್ತಿದ್ದು ಅದೊಂದೇ ಸಲ, ಅದೂ ನಾನೇ ಕಟ್ಟಿದ ಸಂಘದಲ್ಲಿ. ಅದೇ ವಾರ ಸಂಘದ ಹುಚ್ಚೀರಪ್ಪ ಯಾರದೋ ಸಾವಿನ ಸುದ್ದಿಗೂ ಹೆಬ್ಬೆಟ್ಟು ಒತ್ತಿದ್ದ. ಅದನ್ನೂ ಮಂಜೂರು ಎಂದು ಬರೆದುಕೊಂಡಿದ್ದೀರೋ ಏನೋ ನೋಡು.

ಬರೆಯುವುದಿಲ್ಲ ಅಂದೆ. ಆದರೂ ನೆನಪಾದದ್ದನ್ನು ಹೇಳುತ್ತೇನೆ, ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು. ಮೊದಲ ವರ್ಷ, ಪುಣೆಯಿಂದ ಬಂದ ಮೊದಲ ಅತಿಥಿ ಗಂಗಾವತಿಯಲ್ಲಿ ಬಸ್ಸು ಹತ್ತಿ ಕಂಡಕ್ಟರನಿಗೆ “ಕ್ಯಾಂಪ್” ಎಂದಷ್ಟೇ ಹೇಳಿದ. ನಮ್ಮಲ್ಲಿ ಕ್ಯಾಂಪು ಎಂದರೆ ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆನಿಂತವರ ಊರು. “ಯಾವ ಕ್ಯಾಂಪ್ರಿ?” ಎಂದು ಕೇಳಿ, ಉತ್ತರ ಬರದಿದ್ದಕ್ಕೆ ಯಾವುದೋ ಒಂದು ಕ್ಯಾಂಪಿನಲ್ಲಿ ಇಳಿಸಿಹೋದ. ಅಲ್ಲಿಯ ರೆಡ್ಡಿಯೊಬ್ಬ ಈತನನ್ನು ಯಾರೋ ತನ್ನ ಬೀಗರ ಕಡೆಯವನೆಂದು ತಿಳಿದು ಉಣ್ಣಿಸಿ, ಮಂಚ ಹಾಕಿ ಮಲಗಿಸಿದ. ಮಾರನೆಯ ದಿನ ನಾನು ಹುಡುಕಿಕೊಂಡು ಹೋದರೆ ಅತಿಥಿ ಪೆಸರಟ್ಟು ತಿನ್ನುತ್ತ, “ನಿಮ್ಮ ಬಿಡಾರ ಬಹಳ ಚೆನ್ನಾಗಿದೆ” ಎಂದ.

ಆ ರೆಡ್ಡಿಯ ಅಪ್ಪ ಮೊದಲು ಬಂದಾಗ ಅಲ್ಲಿ ಇದ್ದದ್ದು ಬರೀ ಡೇರೆಗಳಂತೆ. ಎರಡು ಸುಗ್ಗಿ ನೋಡಿಕೊಂಡು ಹೋಗೋಣ ಎಂದು ಬಂದವರು. ಈಗ ಮಹಡಿ ಮನೆ, ಗುಡಿ, ಸಾಲಿ ಎಲ್ಲ ಇವೆ, ಹೆಸರು ಮಾತ್ರ ಇನ್ನೂ ಕ್ಯಾಂಪು. ಬದಲಾದದ್ದು ಉಳಿದದ್ದು ಎಂದು ಬರೆಯುವುದಾದರೆ ಇದನ್ನು ಬರೆ.

ನಿನ್ನ ಹೊಲದ ಹೆಸರು ಕೂಡ್ರಗಲ್ಲು. ನಿನ್ನ ಅಮ್ಮಾಯಿ, ನಿನ್ನ ಅವ್ವನ ಅವ್ವ, ಕರೆಯುತ್ತಿದ್ದದ್ದು ಹಾಗೆ. ಲಕೋಟೆಯ ಮೇಲೆ ‘ಸೈಟ್ ನಾಲ್ಕು’ ಎಂದು ವಿಳಾಸ ಬರೆದು ಕಳಿಸಬೇಡ.

ಕುರಿಯ ಸಂಗತಿ ಓದಿದೆ. ಓದುವುದಕ್ಕೆ ಚೆನ್ನಾಗಿದೆ. ಆದರೆ ಕುರಿ ಬಂದಲ್ಲಿಗೆ ಚಿರತೆ ಬರುತ್ತದೆ. ಹುಷಾರಾಗಿರು.

ಕರಿಬಸಪ್ಪ


ಗಂಗಾವತಿ
೨೩ ಫೆಬ್ರುವರಿ ೨೦೨೫

ಕಾಕಾ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದದ ಕೊನೆಯ ಸಾಲು ನಿಜವಾಯಿತು. ನಮ್ಮ ಬಿಡಾರದಲ್ಲಿ ಅಲ್ಲ, ಸಾಣಾಪುರದ ರಸ್ತೆಯಲ್ಲಿ ಒಂದು ಚಿರತೆ ಜನರ ಕಣ್ಣಿಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅದೇ ಹೊತ್ತಿಗೆ, ಕುರಿ ಬಂದ ರಾತ್ರಿ ನಮ್ಮಲ್ಲಿದ್ದ ಬೆಳಗಾವಿಯ ಅತಿಥಿಯೊಬ್ಬರು ಡೇರೆಗಳ ನಡುವೆ ಕುರಿಗಳಿರುವ ಫೋಟೋ ಹಚ್ಚಿ, ಹಿಕ್ಕೆ, ವಾಸನೆ, ಭದ್ರತೆ ಇಲ್ಲ ಎಂದೆಲ್ಲ ಕಂಪನಿಗೆ ಬರೆದಿದ್ದರು. ಎರಡೂ ಸೇರಿದವು.

ಹೊಸ ಕರಾರು ಬಂದಿದೆ. ಈ ವರ್ಷ ಮುಗಿಯುವುದರೊಳಗೆ ಪ್ರತಿ ಬಿಡಾರಕ್ಕೂ ನಾಲ್ಕೂ ಕಡೆ ಆಳೆತ್ತರದ ತಂತಿ ಬೇಲಿ ಹಾಕಿ ಒಂದೇ ಬಾಗಿಲು ಇಡಬೇಕು. ನೋಂದಾಯಿತ ಅತಿಥಿಗಳಲ್ಲದೆ ಮನುಷ್ಯರಾಗಲಿ, ಜಾನುವಾರಾಗಲಿ ಒಳಗೆ ತಂಗಬಾರದು. ಬೇಲಿ ಇಲ್ಲದ ಬಿಡಾರದಿಂದ ಬಯಲುಬಿಡಾರದ ಫಲಕ ಇಳಿಸಲಾಗುವುದು.

ಫಲಕ ಇಳಿದರೆ ಏನಾಗುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿಗೆ ಬರುವವರೆಲ್ಲ ಆ ಹೆಸರನ್ನು ನೋಡಿ ಬರುವವರು. ಫಲಕ ಇಲ್ಲದವರು ಸಂಘದ ಸದಸ್ಯರಲ್ಲ ಎಂಬ ನಿಯಮವೂ ಇದೆ. ಹತ್ತು ವರ್ಷದಲ್ಲಿ ನಾನು ಕಟ್ಟಿದ ಎರಡೂ ಒಂದೇ ದಿನ ಹೋಗುತ್ತವೆ.

ಉಳಿದ ಐವರು ಬೇಲಿಗೆ ಒಪ್ಪಿದ್ದಾರೆ. ಅವರ ಹೊಲಗಳಲ್ಲಿ ಹಿಂಡು ಇಳಿಯುವುದಿಲ್ಲ, ಅವರಿಗೆ ಅದು ಬರೀ ಬೇಲಿ. ಬಸವಕುಮಾರ, “ಇದ್ರಾಗ ವಿಚಾರ ಮಾಡೋದೇನೈತಿ ಅಕ್ಕಾ?” ಎಂದ. ಅವನು ಹೇಳುವುದೂ ಸುಳ್ಳಲ್ಲ. ಅತಿಥಿಗಳಲ್ಲಿ ಚಿಕ್ಕ ಮಕ್ಕಳಿರುತ್ತಾರೆ.

ಆದರೆ ಕಾಕಾ, ಬೇಲಿ ಹಾಕಿದರೆ ಹಿಂಡಿಗೆ ದಾರಿ ಇಲ್ಲ. ಆ ಬೆಳಗಿನ ಮೇಲೆ ನನಗೆ ಬೇಲಿಗೆ ಹೂಂ ಎನ್ನಲು ಮನಸ್ಸು ಬರುತ್ತಿಲ್ಲ. ಕಾರಣ ಹೇಳಲು ಬರುವುದಿಲ್ಲ. ಸಭೆಯಲ್ಲಿ ಕಾರಣ ಇಲ್ಲದ ಮಾತು ಆಡಲಾಗುವುದಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ಬಸವಕುಮಾರ ಆರಾಮವಾಗಿದ್ದಾನೆ. ಮೊಣಕಾಲು ನೋವು ಕಡಿಮೆಯಾಗಿದೆ.

ಕೂಡ್ರಗಲ್ಲು ಎಂಬ ಹೆಸರು ಹೇಗೆ ಬಂತು? ಬಂಡೆಯ ಮೇಲೆ ಯಾರು ಕೂಡ್ರುತ್ತಿದ್ದರು? ಹತ್ತುವುದಕ್ಕೂ ಬರುವುದಿಲ್ಲ, ಬುಡ ಅಷ್ಟು ನುಣುಪಾಗಿದೆ.

ತಮ್ಮ
ಅಮೃತಾ


ತಾವರಗೇರಾ
೩೧ ಮಾರ್ಚ್ ೨೦೨೫
ಯುಗಾದಿಯ ಮರುದಿನ

ಚಿ. ಅಮೃತಾಳಿಗೆ ಆಶೀರ್ವಾದ.

ನಾನಾಗಿದ್ದರೆ ಬೇಲಿ ಹಾಕಿಸುತ್ತಿದ್ದೆ.

ಹಳೆಯ ಕಾಲದವನು, ಹೆಸರಿಗಾಗಿ ಸಂಘ ಬಿಟ್ಟವನು, ಕುರಿಯ ಪರವಾಗಿ ನಿಲ್ಲುತ್ತಾನೆ ಎಂದು ನೀನು ಎಣಿಸಿ ಬರೆದಿರಬೇಕು. ಇಲ್ಲ. ಒಂದು ಕೂಸನ್ನು ಚಿರತೆ ಮುಟ್ಟಿದರೆ ನಿನ್ನ ಬಿಡಾರವೂ ಇಲ್ಲ, ನಿನ್ನ ನಿದ್ದೆಯೂ ಇಲ್ಲ. ಕುರಿಗೆ ಭೂಮಿಯ ಮೇಲೆ ಎಲ್ಲಿ ಬೇಕಾದರೂ ಜಾಗ ಇದೆ. ಹಂಪಿಯ ಕಡೆ ಹೋಗುವವರು ನಿನ್ನ ಹೊಲಕ್ಕೆ ಬಂದು ಒಂದು ರಾತ್ರಿ ಕಳೆಯುವುದು ಆ ಫಲಕದಿಂದ. ಗಿಣಿಗೇರಾದ ಕಾರ್ಖಾನೆಯ ಆಫೀಸಿನ ಕೆಲಸ ಬಿಟ್ಟು ಆ ಕಲ್ಲು ಹೊಲಕ್ಕೆ ಇಳಿದವಳು ನೀನು. ಊರೆಲ್ಲ ನಕ್ಕಾಗ ಇಳಿದವಳು. ಈಗ ಒಂದು ಬೆಳಗಿನ ಚೆಂದಕ್ಕೆ ಅದನ್ನು ಕಳೆದುಕೊಳ್ಳಬೇಡ.

ಹೆಸರು ಹೇಗೆ ಬಂತೋ ಗೊತ್ತಿಲ್ಲ. ದಾರಿಹೋಕರು ಬಂಡೆಯ ನೆರಳಿಗೆ ಕೂಡ್ರುತ್ತಿದ್ದಿರಬೇಕು.

ಕರಿಬಸಪ್ಪ

ಬೇವಿನ ಎಣ್ಣೆ ಕಾಯಿಸಿ ಮೊಣಕಾಲಿಗೆ ತಿಕ್ಕಬೇಕು. ಹೇಳಿದರೆ ಹೇಳು.


ಗಂಗಾವತಿ
೮ ಜುಲೈ ೨೦೨೫

ಕಾಕಾ ಅವರಿಗೆ ನಮಸ್ಕಾರಗಳು.

ಉತ್ತರ ಬರೆಯುವುದು ತಡವಾಯಿತು. ನಿಮ್ಮ ಮಾತು ಸರಿ ಎನಿಸಿತ್ತು, ಆದ್ದರಿಂದ ಬರೆಯಲು ಏನೂ ಉಳಿದಿರಲಿಲ್ಲ. ಬೇಲಿಯವನನ್ನು ಕರೆಸಿದೆ. ಟೇಪು ಹಿಡಿದು ಅಳತೆ ಮಾಡಿ, ಮೂಲೆಗಳಿಗೆ ಸುಣ್ಣದ ಗುರುತು ಹಾಕಿ ಹೋದ. ಮಳೆಗೆ ಆ ಗುರುತು ತೊಳೆದುಹೋಗಿದೆ. ಮತ್ತೆ ಕರೆಸಬೇಕು.

ಕರೆಸುವ ಮೊದಲು ಒಂದು ಕೆಲಸ ಬಾಕಿ ಇದೆ. ಮುದಿಯಪ್ಪನಿಗೆ ಹೇಳಬೇಕು. ಹೇಳದೆ ಬೇಲಿ ಹಾಕಿದರೆ ಹಿಂಡು ಬಂದು ತಂತಿಗೆ ಎದೆ ಒತ್ತಿ ನಿಂತೀತು. ಅದನ್ನು ನೋಡುವ ಧೈರ್ಯ ನನಗಿಲ್ಲ. ಅವರು ಮಳೆಗಾಲದಲ್ಲಿ ನಿಮ್ಮ ಊರಿನ ಆಸುಪಾಸಿನಲ್ಲೇ ಇರುತ್ತಾರೆ ಎಂದು ಅಸ್ಲಮ ಹೇಳಿದ. ಫೋನು ಹಚ್ಚಿದರೆ ಮುದಿಯಪ್ಪ “ಹೂಂನವ್ವ, ಹೂಂನವ್ವ” ಎಂದು ಇಟ್ಟುಬಿಡುತ್ತಾನೆ. ನೀವು ಒಮ್ಮೆ ಹೋಗಿ, ಬೇರೆ ಕಡೆ ವಸ್ತಿ ಮಾಡಲು ಆಗುತ್ತದೆಯೇ ಎಂದು ಕೇಳಿ ತಿಳಿಸುತ್ತೀರಾ? ಆಗುತ್ತದೆ ಎಂದರೆ ಮಾರನೆಯ ದಿನವೇ ಬೇಲಿಯವನಿಗೆ ಹೇಳುತ್ತೇನೆ.

ಸಂಘದ ಕೆಲಸವಲ್ಲ, ನನ್ನ ಕೆಲಸ. ಅದಕ್ಕೇ ಕೇಳುತ್ತಿದ್ದೇನೆ.

ಎಣ್ಣೆಯ ಮಾತು ಹೇಳಿದೆ. “ಕಾಕಾ ಹೇಳ್ಯಾರೇನು?” ಎಂದು ಎರಡು ಸಲ ಕೇಳಿದ.

ತಮ್ಮ
ಅಮೃತಾ


ತಾವರಗೇರಾ
೨೪ ಆಗಸ್ಟ್ ೨೦೨೫

ಚಿ. ಅಮೃತಾಳಿಗೆ ಆಶೀರ್ವಾದ.

ಹೋಗಿ ಬಂದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಾನು ಸೇರಿಸಿದ್ದು ಏನೂ ಇಲ್ಲ.

ಊರ ಹೊರಗಿನ ಗುಡ್ಡದ ಬುಡದಲ್ಲಿ ಇದ್ದರು. ಮುದಿಯಪ್ಪ ಕುರಿಯ ಗೊರಸು ನೋಡುತ್ತ ಕೂತಿದ್ದ. ಅವನ ಹೆಂಡತಿ ಹುಲಗಮ್ಮ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನಗೆ ಕಂಬಳಿ ಹಾಸಿದರು. ವಿಷಯ ಹೇಳಿದೆ.

“ಆಗಲಾರದಕ್ಕೇನ್ರಿ ಸಾವಕಾರ್ರ?” ಎಂದ ಮುದಿಯಪ್ಪ. “ಭೂಮಿ ಏನ್ ಸಣ್ಣದೈತೇನು? ಹಾಕ್ರಿ ಬೇಲಿ. ಪಾಪ, ಆ ಹೆಣಮಗಳು ಭಾಳ ತಾಳಿಕೊಂಡಾಳ.”

ನನ್ನ ಕೆಲಸ ಮುಗಿಯಿತು ಎಂದು ನಾನು ಏಳುವವನಿದ್ದೆ. ಹುಲಗಮ್ಮ ರೊಟ್ಟಿಯಿಂದ ಕೈ ತೆಗೆಯದೆ, “ಅವನನ್ನೇನು ಕೇಳ್ತೀರ್ರಿ? ಕುರೀನ ಕೇಳ್ರಿ” ಎಂದಳು.

“ಕುರಿ ಮಾತಾಡ್ತಾವೇನವ್ವ?” ಎಂದೆ.

“ನಿಮ್ಮ ಸಂಘದಾಗ ಮಾತಾಡವ್ರು ಭಾಳ ಮಂದಿ ಅದಾರಂತಲ್ರಿ, ಏನಾತು?” ಎಂದಳು. ಮುದಿಯಪ್ಪ ನಕ್ಕ. ನಾನೂ ನಗಬೇಕಾಯಿತು. ಅವರಿಗೆ ಇದನ್ನೆಲ್ಲ ಯಾರು ಹೇಳುತ್ತಾರೋ.

ಆಮೇಲೆ ಅವಳು ಹೇಳಿದಳು: “ನಾವು ಅಲ್ಲಿ ವಸ್ತಿ ಮಾಡಸಂಗಿಲ್ರಿ. ಕಾಲುವಿ ಕಣ್ಣಿಗೆ ಕಾಣತೈತಿ, ನೀರಿನ ವಾಸನಿ ಬರತೈತಿ. ಕುರಿ ಓಡಬೇಕೋ ಬ್ಯಾಡೋ? ಓಡಂಗಿಲ್ಲ. ಆ ಬಂಡಿಗಲ್ಲಿನ ಹತ್ರ ಬಂದ ಕೂಡಲೆ ಮುಂದಿನದು ಕಾಲು ಮಡಚತೈತಿ. ಹಿಂದಿನವೂ ಮಡಚತಾವ. ನಾ ಮದಿವ್ಯಾಗಿ ಬಂದ ವರ್ಷ ಕಾಲುವಿ ತನಾ ಹೊಡೀಬೇಕಂತ ಬಡದು ಬಡದು ಕೈ ಸೋತೆ. ನಮ್ಮತ್ತಿ ಕುಂತು ನಗತಿದ್ಲು. ‘ಏಳಂಗಿಲ್ಲ ಬಿಡ, ನಾನೂ ಬಂದ ವರ್ಷ ಬಡದೀನಿ’ ಅಂದ್ಲು.”

“ಹಂಗಾರ ಹಳೇ ಕುರಿ ಹೊಸಾವಕ್ಕ ತೋರಸ್ತಾವ” ಎಂದೆ.

“ಹಳೇವು ಎಲ್ಲದಾವ್ರಿ? ಏಳೆಂಟು ವರ್ಷಕ್ಕ ಒಂದು ಕುರಿ ಮುಗೀತು. ನಮ್ಮತ್ತಿ ಕಾಲದ್ದು ಒಂದು ಕುರೀನೂ ಇಲ್ಲ. ನಮ್ಮತ್ತೀನೂ ಇಲ್ಲ. ನಡುವ ಒಮ್ಮಿ ರೋಗ ಬಂದು ಅರ್ಧಾ ಹಿಂಡು ಹೋತು, ಯಲಬುರ್ಗಿ ಕಡಿಂದ ಬ್ಯಾರೇವು ತಂದ್ವಿ. ಆ ವರ್ಷ ಅವೂ ಕುಂತ್ವು. ಕುರಿ ಎಲ್ಲಾ ಬ್ಯಾರೆ ಆಗ್ಯಾವ್ರಿ. ಕೂಡ್ರೋದು ಮಾತ್ರ ಅದ ಐತಿ.”

“ಯಾಕ?” ಎಂದೆ.

“ಬಂಡಿ ಬೆಚ್ಚಗಿರತೈತ್ರಿ, ಅದಕ್ಕ” ಎಂದ ಮುದಿಯಪ್ಪ.

“ಗುಡ್ಡದಾಗ ಬ್ಯಾರೆ ಬಂಡಿಗೆ ಬಿಸಲು ಬೀಳಂಗಿಲ್ಲೇನು?” ಎಂದಳು ಹುಲಗಮ್ಮ. “ಯಾಕಂತ ನನಗೂ ತಿಳೀದ್ರಿ. ಅಲ್ಲಿ ಕುಂತಾಗ ನಾವೂ ಮಾತಾಡಂಗಿಲ್ಲ. ಬೇಲಿ ಹಾಕ್ರಿ, ಹಾದಿ ಬದಲಸ್ತೀವಿ. ಬದಲಸಾಕ ಬರಲಾರದ್ದಲ್ಲ. ಕೇಳಿದ್ರಿ, ಹೇಳಿದೆ.”

ರೊಟ್ಟಿ ಕೊಟ್ಟರು, ತಿಂದೆ. ಹಿಂದಿರುಗುವಾಗ ದಾರಿಯಲ್ಲಿ ಹೊಳೆಯಿತು. ಕೂಡ್ರಗಲ್ಲು. ನಿನಗೆ ನಾನು ದಾರಿಹೋಕರು ಎಂದು ಬರೆದಿದ್ದೆ. ಕೂಡ್ರುವವರು ಯಾರು ಎಂಬುದನ್ನು ಹೆಸರಿಟ್ಟವರು ಹೇಳುವ ಅಗತ್ಯ ಕಂಡಿರಲಿಲ್ಲ, ಎಲ್ಲರಿಗೂ ಗೊತ್ತಿದ್ದದ್ದು. ಆ ಹೊಲ ನಿಮ್ಮ ಮನೆತನಕ್ಕೆ ಬಂದು ನಾಲ್ಕು ತಲೆಮಾರು. ಬರುವಾಗಲೇ ಹೆಸರಿತ್ತು. ಹಾಗಾದರೆ ಎಷ್ಟು ತಲೆಮಾರಿನ ಕುರಿಗಳು! ಲೆಕ್ಕ ಹಾಕಲು ಹೋದೆ. ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ಹಾಗೇ ನಿಂತೆ. ಲೆಕ್ಕ ಬಿಟ್ಟುಬಿಟ್ಟೆ.

ನೀನು ಕೇಳಿದ ಪ್ರಶ್ನೆಗೆ ಉತ್ತರ: ಬೇರೆ ಕಡೆ ವಸ್ತಿ ಮಾಡಲು ಆಗುತ್ತದೆ. ಬೇಲಿಯವನಿಗೆ ಹೇಳಬಹುದು.

ಕರಿಬಸಪ್ಪ


ಗಂಗಾವತಿ
೨೧ ಸೆಪ್ಟೆಂಬರ್ ೨೦೨೫

ಕಾಕಾ ಅವರಿಗೆ ನಮಸ್ಕಾರಗಳು.

ಬೇಲಿಯವನಿಗೆ ಹೇಳಿಲ್ಲ.

ನಿಮ್ಮ ಕಾಗದ ಓದಿ ಮಧ್ಯಾಹ್ನ ಹೊಲಕ್ಕೆ ಹೋದೆ. ಅತಿಥಿಗಳಿರಲಿಲ್ಲ. ಬಂಡೆಯ ಮೂಡಣ ಬದಿಯ ನೆಲದಲ್ಲಿ ಕೂತೆ. ವಿಶೇಷ ಏನೂ ಇಲ್ಲ, ಎಲ್ಲ ಕಡೆ ಇರುವಂಥದೇ ಗರಸು ಮಣ್ಣು. ಬಂಡೆಯನ್ನು ಮುಟ್ಟಿ ನೋಡಿದೆ. ಕುರಿಯ ಬೆನ್ನಿನ ಎತ್ತರದವರೆಗೆ ಕಲ್ಲು ಕನ್ನಡಿಯಂತೆ ನುಣುಪಾಗಿದೆ, ಅದರ ಮೇಲೆ ಒರಟು. ಹತ್ತು ವರ್ಷ ಆ ನುಣುಪನ್ನು ಅತಿಥಿಗಳಿಗೆ ತೋ‌ರಿಸಿ, ಹಳೆಯ ಕಾಲದ ನೀರು ಹರಿದು ಹೀಗಾಗಿದೆ ಎನ್ನುತ್ತಿದ್ದೆ. ಕೈ ಅಲ್ಲೇ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಉಣ್ಣೆ ಕಲ್ಲನ್ನು ಸವೆಸಲು ಎಷ್ಟು ಕಾಲ ಬೇಕು, ಕಾಕಾ?

ಲೇಖನ ಬರೆಯಲು ಕೂತಾಗ ಇನ್ನೊಂದು ಕಂಡಿತು. ಸಂಘ ಶುರುವಾದಾಗ ಇದ್ದ ಆರು ಜನರಲ್ಲಿ ಈಗ ನಾನೊಬ್ಬಳೇ ಇದ್ದೇನೆ. ಇಬ್ಬರು ಮಾರಿದರು, ಇಬ್ಬರ ಮಕ್ಕಳು ನೋಡಿಕೊಳ್ಳುತ್ತಾರೆ, ನಿಮ್ಮದನ್ನು ಬಸವಕುಮಾರ. ಕಂಪನಿಯೇ ಎರಡು ಸಲ ಕೈ ಬದಲಾಯಿಸಿದೆ. ಮೊದಲ ವರ್ಷದ ಒಂದು ಡೇರೆಯೂ ಈಗ ಇಲ್ಲ. ಖಾನಾವಳಿಯ ಮಾಲೀಕರೂ ಬೇರೆ. ಆದರೂ ತಿಂಗಳ ಎರಡನೆಯ ಮಂಗಳವಾರ ಬಂದರೆ ಕುರ್ಚಿಗಳು ತುಂಬುತ್ತವೆ, ಅದೇ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಬರುತ್ತದೆ, ಯಾರೋ ಒಬ್ಬರು ಜಗಳ ತೆಗೆಯುತ್ತಾರೆ. ಯಾರು ಯಾರಿಗೂ ಹೇಳಿಕೊಟ್ಟದ್ದಲ್ಲ. ಇದನ್ನು ಬರೆದರೆ ಸಂಘದವರನ್ನು ಕುರಿ ಎಂದಳು ಎಂದು ಸಿಟ್ಟಾಗಬಹುದು. ನನಗೆ ಅದಕ್ಕಿಂತ ದೊಡ್ಡ ಮಾತು ಸಿಕ್ಕಿಲ್ಲ.

ನವೆಂಬರಿನ ಸಭೆಯಲ್ಲಿ ಬೇಲಿಯ ವಿಷಯ ಇತ್ಯರ್ಥವಾಗಬೇಕು. ಹುಲಗಮ್ಮ ಹೇಳಿದ್ದನ್ನು ನಾನು ಹೇಳಿದರೆ ಕೇಳಿದ ಮಾತಾಗುತ್ತದೆ. ಅಲ್ಲಿ ಕಂಬಳಿಯ ಮೇಲೆ ಕೂತವರು ನೀವು.

ಬರಲೇಬೇಕು ಎನ್ನುವುದಿಲ್ಲ.

ತಮ್ಮ
ಅಮೃತಾ


ತಾವರಗೇರಾ
೨ ನವೆಂಬರ್ ೨೦೨೫

ಚಿ. ಅಮೃತಾಳಿಗೆ ಆಶೀರ್ವಾದ.

ಸಭೆಯ ಮಂಗಳವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮೂರರ ಬಸ್ಸಿಗೆ ಹಿಂದಿರುಗುತ್ತೇನೆ. ಬೇಲಿ ಬೇಡ ಎಂದು ಹೇಳಲು ಬರುತ್ತಿಲ್ಲ, ಚಿರತೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಅದೇ ಇದೆ. ಕೇಳಿದ್ದನ್ನು ಹೇಳಿ ಹೋಗುತ್ತೇನೆ.

ಯಾರಿಗೂ ಮೊದಲೇ ಹೇಳಬೇಡ.

ಕರಿಬಸಪ್ಪ


ಗಂಗಾವತಿ
೧೩ ನವೆಂಬರ್ ೨೦೨೫

ಕಾಕಾ ಅವರಿಗೆ ನಮಸ್ಕಾರಗಳು.

ನೀವು ಒಳಗೆ ಬಂದಾಗ ಬಸವಕುಮಾರ ಎದ್ದು ನಿಂತದ್ದು, “ನಾ ಸದಸ್ಯ ಅಲ್ಲಪ, ಮಿರ್ಚಿ ತಿನ್ನಾಕ ಬಂದೀನಿ” ಎಂದು ನೀವು ಕೂತದ್ದು, ಹುಲಗಮ್ಮನ ಮಾತನ್ನು ಒಂದಕ್ಷರ ಬಿಡದೆ ಹೇಳಿ ಬಸ್ಸಿಗೆ ಹೊರಟದ್ದು, ಇಷ್ಟು ನಿಮಗೆ ಗೊತ್ತು. ಆಮೇಲೆ ಆದದ್ದನ್ನು ಬರೆಯುತ್ತೇನೆ.

ಮೊದಲು ಹುಚ್ಚೀರಪ್ಪ, “ಆ ಕುರಿಗಳನ್ನ ಸಂಘಕ್ಕ ತಗೋಬೇಕ್ರಿ. ನಾವು ಆರು ಮಂದಿ ಕೂಡ್ರಬೇಕಂದ್ರ ಹತ್ತು ಫೋನು, ನಾಕು ನೆವ” ಎಂದ.

ಎಲ್ಲರೂ ನಕ್ಕರು. ಬಸವಕುಮಾರ ನಗಲಿಲ್ಲ. “ನಗಬ್ಯಾಡ್ರಿ. ನಾಳೆ ಒಂದು ಕೂಸಿಗೆ ಏನಾರ ಆದ್ರ ಠಾಣೆಕ್ಕ ಕುರಿ ಬರ್ತಾವೇನು? ಅಕ್ಕ ಹೋಗಬೇಕು” ಎಂದ. ಅವನು ಹೇಳಿದ್ದು ನನ್ನ ಮೇಲಿನ ಕಾಳಜಿಯಿಂದ ಎಂಬುದು ತಿಳಿಯುತ್ತಿತ್ತು.

ನಾನು ಹೇಳಿದೆ: ಹಿಂಡು ಇರುವ ದಿನ ಅತಿಥಿಗಳನ್ನು ತೆಗೆದುಕೊಳ್ಳುವುದಿಲ್ಲ. ಮಕ್ಕಳಿರುವ ಡೇರೆಗಳನ್ನು ಅಡಿಗೆ ಮನೆಯ ಹತ್ತಿರ ತಂದು ಅಷ್ಟಕ್ಕೆ ಮಾತ್ರ ಬೇಲಿ ಹಾಕುತ್ತೇನೆ. ಚಿರತೆಯ ಪ್ರಶ್ನೆಗೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ತಂತಿ ಬೇಲಿಯೂ ಪೂರ್ತಿ ಉತ್ತರವಲ್ಲ. ಆದರೆ ಹೊಲದ ಸುತ್ತ ಬೇಲಿ ಬಂದರೆ ನಿಲ್ಲುವುದು ಯಾವುದು ಎಂಬುದು ಈಗ ಗೊತ್ತಾಗಿದೆ. ಗೊತ್ತಾದ ಮೇಲೆ ಅದನ್ನು ನಿಲ್ಲಿಸುವವಳು ನಾನಾಗಲಾರೆ.

“ಫಲಕ ಇಳಿದ್ರ ಸದಸ್ಯತ್ವಾನೂ ಹೋಗತೈತಿ ಅಕ್ಕಾ” ಎಂದ ಬಸವಕುಮಾರ. “ನಿಯಮ ನಾ ಮಾಡಿದ್ದಲ್ಲ. ಕಾಕಾ ಬರದದ್ದು.”

ಗೊತ್ತು ಎಂದೆ.

ಅವನು ತಟ್ಟೆಯಲ್ಲಿದ್ದ ಮಿರ್ಚಿಯನ್ನು ಮುರಿದ, ತಿನ್ನಲಿಲ್ಲ. “ಯಾವಾಗ ಬರ್ತಾವ ಅವು?” ಎಂದು ಕೇಳಿದ. ಅಮಾವಾಸ್ಯೆ ಕಳೆದ ಮೇಲೆ, ಕನಕಗಿರಿ ದಾಟಿದಾಗ ಹುಲಗಮ್ಮ ಫೋನು ಮಾಡುತ್ತಾಳೆ ಎಂದೆ. ಡಿಸೆಂಬರಿನ ಸಭೆ ಖಾನಾವಳಿಯಲ್ಲಿ ಬೇಡ, ಹಿಂಡು ಬರುವ ಸಂಜೆ ಕೂಡ್ರಗಲ್ಲಿನಲ್ಲಿ ಮಾಡೋಣ, ನಿಯಮದ ಮಾತನ್ನು ಅಲ್ಲೇ ತೆಗೆಯೋಣ ಎಂದ. ಸೈಟ್ ನಾಲ್ಕು ಎನ್ನಲಿಲ್ಲ. ಎಲ್ಲರೂ ಕೈ ಎತ್ತಿದರು. ಆ ದಿನ ನಿಯಮ ಬದಲಾಗುತ್ತದೋ, ನಾನು ಸಂಘದಿಂದ ಹೊರಗೆ ಬರುತ್ತೇನೋ, ಹೇಳಲು ಬರುವುದಿಲ್ಲ. ಕಾಕಾ ಬರುತ್ತಾರೆಯೇ ಎಂದು ಬಸವಕುಮಾರ ನನ್ನನ್ನು ಕೇಳಿದ. ನೀನೇ ಕೇಳು ಎಂದಿದ್ದೇನೆ.

ನಿನ್ನೆ ನಮ್ಮ ಮನೆಯವರಿಗೆ, ಗೌರೀಶ ಅವರಿಗೆ, ಎಲ್ಲ ಹೇಳಿದೆ. ಪಾಳಿ ಮುಗಿಸಿ ಗಿಣಿಗೇರಾದಿಂದ ಆಗಷ್ಟೇ ಬಂದಿದ್ದರು. “ಆ ಹೆಸರಿಲ್ಲಂದ್ರ ಮಂದಿ ಬರ್ತಾರೇನು?” ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಮುಖ ತೊಳೆದು ಬಂದು, “ನಾ ಒಮ್ಮಿನೂ ನೋಡಿಲ್ಲಲ್ಲ. ರಜಾ ಹಾಕ್ಲೇನು?” ಎಂದರು.

ನನ್ನ ತೀರ್ಮಾನ ಇದು. ಹೊಲದ ಸುತ್ತ ಬೇಲಿ ಹಾಕಿಸುವುದಿಲ್ಲ. ಫಲಕವನ್ನು ಅವರು ಬಂದು ಇಳಿಸುವ ಮೊದಲು ನಾನೇ ಇಳಿಸಿ ಕಳಿಸುತ್ತೇನೆ. ಬಂಡೆಯ ಮೂಡಣ ಬದಿಯ ಡೇರೆಗಳನ್ನೆಲ್ಲ ಕಿತ್ತು ಆ ನೆಲವನ್ನು ಹಿಂಡು ಬರುವುದರೊಳಗೆ ಖಾಲಿ ಮಾಡಬೇಕು. ಕಂಪನಿಗೆ ಇನ್ನೂ ತಿಳಿಸಿಲ್ಲ. ಅಸ್ಲಮನಿಗೂ ಹೇಳಿಲ್ಲ. ಇವತ್ತು ಸಂಜೆ ಹೋಗಿದ್ದೆ, ಡೇರೆಗಳು ನಿಂತೇ ಇದ್ದವು, ಗೂಟಗಳು ಇನ್ನೂ ನೆಲದಲ್ಲಿವೆ.

ತಮ್ಮ
ಅಮೃತಾ